ರೀಲ್ ಕ್ಯಾಮೆರಾ: ಜನರ ನಂಬಿಕೆ, ಯಂತ್ರದ ನಿಜ

ಕೈಯಿಂದಲೇ ರೀಲು ಸುತ್ತಿ, ಕೈಯಿಂದಲೇ ಫೋಕಸ್ ಮಾಡಿ, ಶಟರ್ ವೇಗ ಮತ್ತು ಅಪರ್ಚರ್ ಎರಡನ್ನೂ ಚಿತ್ರ ತೆಗೆಯುವವರೇ ನಿರ್ಧರಿಸುವ ಯಂತ್ರ ಮ್ಯಾನ್ಯುವಲ್ ಫಿಲ್ಮ್ ಕ್ಯಾಮೆರಾ. ಊರುಗಳಲ್ಲಿ ಅದು ರೀಲ್ ಕ್ಯಾಮೆರಾ. ಯಾಷಿಕಾ, ಪೆಂಟ್ಯಾಕ್ಸ್, ನಿಕಾನ್ ಹೆಸರಿನ ಇಂಥ ಯಂತ್ರಗಳು ಹಳೆಯ ಸ್ಟುಡಿಯೋಗಳ ಕಪಾಟುಗಳಲ್ಲಿ, ಮನೆಗಳ ಬೀರುಗಳಲ್ಲಿ ಈಗಲೂ ಉಳಿದಿವೆ. ಹೊಸಪೇಟೆ, ಕಂಪ್ಲಿ, ಸಂಡೂರು, ಮೆಟ್ರಿ ಕಡೆಯ ಯುವಕರು ಹಂಪಿಗೆ ಹೋಗುವಾಗ ಅವನ್ನು ಮತ್ತೆ ಹೊರತೆಗೆದರೆ ಒಡನೆಯೇ ಹತ್ತಾರು ಎಚ್ಚರಿಕೆಗಳು ಕಿವಿಗೆ ಬೀಳುತ್ತವೆ. ಅವುಗಳಲ್ಲಿ ಬಹುಪಾಲು ಯಂತ್ರದ ಬಗೆಗಿನ ಭಯ. ವಾಸ್ತವದಲ್ಲಿ ಯಂತ್ರ ಗಟ್ಟಿ. ಸೂಕ್ಷ್ಮವಾದುದು ಅದರೊಳಗಿನ ಫಿಲ್ಮು, ಅದಕ್ಕೂ ಹೆಚ್ಚಾಗಿ ಅದರಿಂದ ಹುಟ್ಟುವ ನೆಗೆಟಿವ್.

ಸೆಲ್ ಸಿಗದಿದ್ದರೆ ಹಳೆಯ ಕ್ಯಾಮೆರಾ ಸತ್ತಂತೆಯೇ ಎಂಬುದು ಮೊದಲ ತಪ್ಪು ತಿಳಿವಳಿಕೆ. 1976ರಿಂದ 1997ರವರೆಗೆ ತಯಾರಾದ ಪೆಂಟ್ಯಾಕ್ಸ್ ಕೆ1000, 1982ರಲ್ಲಿ ಬಂದ ನಿಕಾನ್ ಎಫ್ಎಂ2, ಮದುವೆ ಮನೆಗಳಲ್ಲಿ ಹೆಚ್ಚು ಕಾಣುತ್ತಿದ್ದ ಯಾಷಿಕಾ ಮ್ಯಾಟ್ 124ಜಿ ಇವುಗಳ ಶಟರ್ ಓಡುವುದು ಸ್ಪ್ರಿಂಗ್ ಮತ್ತು ಗೇರುಗಳ ಬಲದಿಂದ. ಸೆಲ್ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಆದರೆ ಇದನ್ನೇ ಎಲ್ಲ ಹಳೆಯ ಕ್ಯಾಮೆರಾಗಳಿಗೂ ಅನ್ವಯಿಸಿದರೆ ಇನ್ನೊಂದು ತಪ್ಪಾಗುತ್ತದೆ. ಕ್ಯಾನನ್ ಎಇ-1ರ ಶಟರ್ ವಿದ್ಯುತ್ ಇಲ್ಲದೆ ಅಲುಗುವುದೇ ಇಲ್ಲ. ಯಾಷಿಕಾ ಎಲೆಕ್ಟ್ರೋ 35 ಸೆಲ್ ಇಲ್ಲದಿದ್ದರೆ ಒಂದೇ ವೇಗದಲ್ಲಿ ಕೆಲಸ ಮಾಡುತ್ತದೆ. ಹಳೆಯ ಕ್ಯಾಮೆರಾ ಕೊಳ್ಳುವವರು ಮೊದಲು ತಿಳಿಯಬೇಕಾದುದು ಇದನ್ನೇ. ಯಾಷಿಕಾ ಮ್ಯಾಟ್‌ನಂಥವುಗಳ ಮೀಟರು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಹೊಂದಿಸಿದ್ದು. ಪಾದರಸದ ಸೆಲ್ಲುಗಳ ತಯಾರಿಕೆ ನಿಂತಿದೆ. ಅದೇ ಅಳತೆಯ 1.5 ವೋಲ್ಟಿನ ಸಾಮಾನ್ಯ ಸೆಲ್ ಹಾಕಿದರೆ ಮುಳ್ಳು ಅಲುಗುತ್ತದೆ, ಲೆಕ್ಕ ಮಾತ್ರ ತಪ್ಪುತ್ತದೆ. ಕಿವಿಯ ಶ್ರವಣ ಸಾಧನಕ್ಕೆ ಹಾಕುವ ಜಿಂಕ್-ಏರ್ ಸೆಲ್ಲಿನ ವೋಲ್ಟೇಜ್ ಹಳೆಯದಕ್ಕೆ ಹೆಚ್ಚು ಹತ್ತಿರ.

ಫಿಲ್ಮಿನ ತಯಾರಿಕೆಯೇ ನಿಂತುಹೋಗಿದೆ ಎನ್ನುವವರೂ ಇದ್ದಾರೆ. ನಿಂತದ್ದು ಕೆಲವು ಬಗೆಗಳು, ಕೆಲವು ಕಾರ್ಖಾನೆಗಳು. ‘ಇಂದು’ ಹೆಸರಿನ ಫಿಲ್ಮ್ ಮಾಡುತ್ತಿದ್ದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿತು. ಕೊಡಾಕ್ ತನ್ನ ಕೊಡಾಕ್ರೋಮ್ ಸ್ಲೈಡನ್ನು 2009ರಲ್ಲಿ ಕೈಬಿಟ್ಟಿತು. ಅದೇ ಕೊಡಾಕ್ 2018ರಲ್ಲಿ ಎಕ್ಟಾಕ್ರೋಮ್ ಸ್ಲೈಡನ್ನು ಮರಳಿ ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ಇಲ್ಫೋರ್ಡ್, ಜೆಕ್ ದೇಶದ ಫೋಮಾ ಕಪ್ಪು-ಬಿಳುಪು ರೀಲುಗಳನ್ನು ಇಂದಿಗೂ ಮಾಡುತ್ತಿವೆ.

ಉಪಯೋಗಿಸದೆ ಎತ್ತಿಟ್ಟರೆ ಕ್ಯಾಮೆರಾ ಹೊಸದರಂತೆ ಉಳಿಯುತ್ತದೆ ಎಂಬ ನಂಬಿಕೆಯಿಂದಲೇ ಎಷ್ಟೋ ಒಳ್ಳೆಯ ಯಂತ್ರಗಳು ಹಾಳಾಗಿವೆ. ವರ್ಷಗಟ್ಟಲೆ ಅಲುಗದ ಶಟರಿನೊಳಗೆ ಎಣ್ಣೆ ಗಟ್ಟಿಯಾಗುತ್ತದೆ. ಮೊದಲು ಎಡವುವುದು ನಿಧಾನದ ವೇಗಗಳು: ಒಂದು ಸೆಕೆಂಡ್, ಅರ್ಧ ಸೆಕೆಂಡ್. ಹಿಂಬದಿಯ ಮುಚ್ಚಳದ ಸುತ್ತ ಬೆಳಕು ತಡೆಯುವ ಕಪ್ಪು ಸ್ಪಂಜು ಬಳಸಿದರೂ ಬಳಸದಿದ್ದರೂ ಕರಗಿ ಅಂಟಾಗುತ್ತದೆ. ಅದನ್ನು ಬದಲಿಸುವುದು ಸಣ್ಣ ಖರ್ಚಿನ ಕೆಲಸ. ತಿಂಗಳಿಗೊಮ್ಮೆ ರೀಲಿಲ್ಲದೆ ಎಲ್ಲ ವೇಗಗಳಲ್ಲೂ ಶಟರ್ ಒತ್ತುವುದು ಒಳ್ಳೆಯ ಅಭ್ಯಾಸ.

ಲೆನ್ಸಿನ ಬೂಷ್ಟು ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಅಂಟುರೋಗದಂತೆ ಹರಡುತ್ತದೆ ಎಂಬ ಹೆದರಿಕೆಯೂ ವ್ಯಾಪಕ. ಬೂಷ್ಟಿನ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಡೆ ಇವೆ; ಅವು ಮೊಳೆಯಲು ಬೇಕಾದುದು ತೇವ ಮತ್ತು ಕತ್ತಲೆ. ತೇವ ಹಿಡಿದಿಡುವ ಚರ್ಮದ ಚೀಲ ಎರಡನ್ನೂ ಒದಗಿಸುತ್ತದೆ. ಮಲೆನಾಡಿನಲ್ಲಿ ಇದು ನಿಜಕ್ಕೂ ದೊಡ್ಡ ಸಮಸ್ಯೆ. ಒಣಹವೆಯ ಬಳ್ಳಾರಿ ಸೀಮೆಯಲ್ಲಿ ಮಳೆಗಾಲ ಕಳೆದರೆ ಇದಕ್ಕಿಂತ ಹೆಚ್ಚು ಹೆದರಬೇಕಾದ ಶತ್ರು ಬೇರೆಯದೇ ಇದೆ: ದೂಳು. ಸಂಡೂರಿನ ಗಣಿಗಳ ಸುತ್ತ ಹಾರುವ ಕೆಂಪು ದೂಳು ಹೆಮಟೈಟ್, ಅಂದರೆ ಕಬ್ಬಿಣದ ಅದಿರು. ಅದರ ಗಡಸುತನ ಗಾಜಿಗೆ ಸಮ ಅಥವಾ ಅದಕ್ಕಿಂತ ತುಸು ಹೆಚ್ಚು. ಅಂಥ ದೂಳು ಕೂತ ಲೆನ್ಸನ್ನು ಅಂಗಿಯ ಅಂಚಿನಿಂದ ಒರೆಸಿದರೆ ಮೇಲಿನ ಲೇಪನಕ್ಕೆ ಗೀರು ಬೀಳುತ್ತದೆ. ಮೊದಲು ರಬ್ಬರ್ ಊದುಗದಿಂದ ದೂಳು ಹಾರಿಸಿ, ಆಮೇಲಷ್ಟೇ ಮೆತ್ತನೆಯ ಬಟ್ಟೆ ಮುಟ್ಟಿಸಬೇಕು. ರೀಲು ಬದಲಿಸುವಾಗ ಒಂದು ಕಣ ಒಳಗೆ ಸೇರಿ ಫಿಲ್ಮನ್ನು ಒತ್ತುವ ತಟ್ಟೆಯ ಮೇಲೆ ಕೂತರೂ ಸಾಕು, ಮೂವತ್ತಾರು ಚಿತ್ರಗಳ ಉದ್ದಕ್ಕೂ ಒಂದೇ ಗೆರೆ ಎಳೆದಿರುತ್ತದೆ. ಆದ್ದರಿಂದ ಲಾರಿಗಳು ಓಡಾಡುವ ರಸ್ತೆ ಬದಿಯಲ್ಲಿ ಹಿಂಬದಿಯ ಮುಚ್ಚಳ ತೆರೆಯಬಾರದು.

ಮೀಟರ್ ತೋರಿಸಿದ್ದೇ ಸರಿಯಾದ ಬೆಳಕು ಎಂಬ ನಂಬಿಕೆಯನ್ನು ಹಂಪಿ ಬೇಗನೆ ಕೆಡವುತ್ತದೆ. ಮೀಟರಿಗೆ ಬಂಡೆಯೂ ಗೊತ್ತಿಲ್ಲ, ನೆರಳೂ ಗೊತ್ತಿಲ್ಲ. ಎದುರಿಗಿರುವುದೆಲ್ಲ ನಡುಮಟ್ಟದ ಬೂದು ಬಣ್ಣ ಎಂದು ಭಾವಿಸಿ ಅದು ಲೆಕ್ಕ ಹಾಕುತ್ತದೆ. ಮಧ್ಯಾಹ್ನದ ಬಿಸಿಲಿಗೆ ಬೆಳ್ಳಗೆ ಹೊಳೆಯುವ ಹೇಮಕೂಟದ ಬಂಡೆಗಳತ್ತ ತಿರುಗಿಸಿದರೆ ಬಂಡೆಯನ್ನೂ ಬೂದಾಗಿಸುವಷ್ಟು ಕಡಿಮೆ ಬೆಳಕು ಸೂಚಿಸುತ್ತದೆ. ಮುಂದೆ ನಿಂತ ಮನುಷ್ಯರ ಮುಖ ಕಪ್ಪಾಗುತ್ತದೆ. ವಿಠ್ಠಲ ದೇವಾಲಯದ ಮಂಟಪದೊಳಗೆ ನಿಂತು ಕಂಬಗಳ ಚಿತ್ರ ತೆಗೆಯುವಾಗ ಕಂಬಗಳ ನಡುವಿನಿಂದ ಬಿಸಿಲಿನ ಅಂಗಳವೂ ಚೌಕಟ್ಟಿನೊಳಗೆ ಬರುತ್ತದೆ. ಒಳಗೂ ಹೊರಗೂ ಐದಾರು ಸ್ಟಾಪಿನ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಅಂತರವಿರುವುದು ಸಾಮಾನ್ಯ. ಮೀಟರು ಅಂಗಳಕ್ಕೆ ಮರುಳಾದರೆ ಕೆತ್ತನೆಗಳೆಲ್ಲ ಕಪ್ಪಿನಲ್ಲಿ ಮುಳುಗುತ್ತವೆ. ಚಿತ್ರಕ್ಕೆ ಬೇಕಾದ ನೆರಳಿನ ಭಾಗದ ಹತ್ತಿರ ಹೋಗಿ ಅಳೆದುಕೊಂಡು ಬರುವುದು, ಇಲ್ಲವೇ ಅದೇ ಬೆಳಕಿನಲ್ಲಿ ತನ್ನ ಅಂಗೈಯನ್ನು ಅಳೆದು ಒಂದು ಸ್ಟಾಪ್ ಹೆಚ್ಚಿಸುವುದು ಇದಕ್ಕೆ ದಾರಿ. ಮೈಬಣ್ಣ ಏನೇ ಇದ್ದರೂ ಅಂಗೈಯ ಹೊಳಪು ಜನರಿಂದ ಜನರಿಗೆ ಹೆಚ್ಚು ಬದಲಾಗುವುದಿಲ್ಲ. ಮೀಟರೇ ಇಲ್ಲದಿದ್ದರೂ ತೊಂದರೆಯಿಲ್ಲ. ನಿಚ್ಚಳ ಬಿಸಿಲಿನಲ್ಲಿ ಐಎಸ್ಒ 100ರ ರೀಲಿಗೆ ಎಫ್/16, 1/125 ಸೆಕೆಂಡ್. ತೆಳು ಮೋಡಕ್ಕೆ ಎಫ್/11. ದಟ್ಟ ಮೋಡಕ್ಕೆ ಎಫ್/5.6. ತುಂಗಭದ್ರೆಯ ದಡದಲ್ಲಿ ವರ್ಷದ ಬಹುಪಾಲು ಈ ಲೆಕ್ಕ ಸಾಕಾಗುತ್ತದೆ.

ಇದಕ್ಕೆ ಸೇರಿಕೊಂಡೇ ಇನ್ನೊಂದು ಭ್ರಮೆಯಿದೆ. ಡಿಜಿಟಲ್ ಕ್ಯಾಮೆರಾದಿಂದ ಬಂದವರು ‘ಸ್ವಲ್ಪ ಕಪ್ಪಗಿದ್ದರೆ ಒಳ್ಳೆಯದು, ಆಮೇಲೆ ಎತ್ತಬಹುದು’ ಎಂದುಕೊಳ್ಳುತ್ತಾರೆ. ನೆಗೆಟಿವ್ ಫಿಲ್ಮಿನ ಸ್ವಭಾವ ತದ್ವಿರುದ್ಧ. ಬೆಳಕು ಒಂದೆರಡು ಸ್ಟಾಪ್ ಹೆಚ್ಚಾದರೂ ಅದು ತಾಳಿಕೊಳ್ಳುತ್ತದೆ. ಕಡಿಮೆಯಾದರೆ ನೆರಳಿನ ಭಾಗದಲ್ಲಿ ಏನೂ ದಾಖಲಾಗಿರುವುದಿಲ್ಲ. ದಾಖಲಾಗದ್ದನ್ನು ಯಾವ ಸ್ಟುಡಿಯೋದವರೂ ಎತ್ತಲಾರರು. ದರೋಜಿ ಕರಡಿಧಾಮದಲ್ಲಿ ಸಂಜೆ ಬಂಡೆಗಿಳಿಯುವ ಕರಡಿಗಾಗಿ 400ರ ರೀಲನ್ನು 1600 ಎಂದು ಬಳಸಿ ಹೆಚ್ಚು ಹೊತ್ತು ತೊಳೆಸಿದಾಗಲೂ ಇದೇ ಮಿತಿ: ಹೊಳಪು ಏರುತ್ತದೆ, ಕರಡಿಯ ಕಪ್ಪು ತುಪ್ಪಳದ ಎಳೆಗಳು ಬರುವುದಿಲ್ಲ. ಸ್ಲೈಡ್ ಫಿಲ್ಮಿನ ಲೆಕ್ಕ ಮಾತ್ರ ಬೇರೆ. ಅದಕ್ಕೆ ಅರ್ಧ ಸ್ಟಾಪಿನ ಹೆಚ್ಚಳವೂ ಕಣ್ಣಿಗೆ ಬೀಳುತ್ತದೆ.

ಅವಧಿ ಮುಗಿದ ರೀಲು ಕಸ ಎನ್ನುವುದೂ ಸರಿಯಲ್ಲ, ಏನೂ ಆಗುವುದಿಲ್ಲ ಎನ್ನುವುದೂ ಸರಿಯಲ್ಲ. ಡಬ್ಬಿಯ ಮೇಲಿನ ತಾರೀಕಿಗಿಂತ ರೀಲು ಎಲ್ಲಿತ್ತು ಎಂಬುದು ಮುಖ್ಯ. ಫ್ರಿಜ್ಜಿನಲ್ಲಿದ್ದ ಹಳೆಯ ಕಪ್ಪು-ಬಿಳುಪು ರೀಲು ಚೆನ್ನಾಗಿಯೇ ಚಿತ್ರ ಕೊಡಬಹುದು. ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟ ಹೊಸ ಬಣ್ಣದ ರೀಲು ಕೆಲವೇ ದಿನಗಳಲ್ಲಿ ಬಣ್ಣ ಕೆಡಿಸಿಕೊಳ್ಳುತ್ತದೆ. ಫ್ರಿಜ್ಜಿನಿಂದ ತೆಗೆದ ರೀಲನ್ನು ಡಬ್ಬಿ ತೆರೆಯದೆ ಒಂದೆರಡು ತಾಸು ಹೊರಗಿಟ್ಟರೆ ಒಳಗೆ ಹನಿ ಕಟ್ಟುವುದಿಲ್ಲ.

ಕೆಂಪು ದೀಪದಲ್ಲಿ ರೀಲು ತೊಳೆಯಬಹುದು ಎಂಬ ನಂಬಿಕೆ ಸಿನಿಮಾಗಳಿಂದ ಬಂದದ್ದು. ಆ ಕೆಂಪು ದೀಪ ಇರುವುದು ಕಪ್ಪು-ಬಿಳುಪು ಪ್ರಿಂಟ್ ಹಾಕುವ ಕಾಗದಕ್ಕೆ; ಕಾಗದಕ್ಕೆ ಕೆಂಪು ಬೆಳಕು ತಾಕುವುದಿಲ್ಲ. ಇಂದಿನ ಸಾಮಾನ್ಯ ಫಿಲ್ಮುಗಳು ಕೆಂಪಿಗೂ ಸ್ಪಂದಿಸುತ್ತವೆ. ಅವನ್ನು ಪೂರ್ಣ ಕತ್ತಲಲ್ಲಿ, ಅಥವಾ ತೋಳು ತೂರಿಸುವ ಕಪ್ಪು ಚೀಲದೊಳಗೆ, ಡೆವಲಪಿಂಗ್ ಟ್ಯಾಂಕಿಗೆ ಸೇರಿಸಬೇಕು. ಮುಚ್ಚಳ ಬಿದ್ದ ಮೇಲೆ ಉಳಿದ ಕೆಲಸ ಹಗಲು ಬೆಳಕಿನಲ್ಲೇ ಆಗುತ್ತದೆ. ಈ ಸೀಮೆಯಲ್ಲಿ ಕಷ್ಟವಾಗುವುದು ಕತ್ತಲೆಯಲ್ಲ, ನೀರಿನ ಬಿಸಿ. ಕಪ್ಪು-ಬಿಳುಪು ರಾಸಾಯನಿಕಗಳ ಸಮಯದ ಪಟ್ಟಿಗಳು ಸಾಮಾನ್ಯವಾಗಿ 20 ಡಿಗ್ರಿಗೆ ಬರೆದವು. ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನಿಂದ ಬರುವ ನೀರು ಅದಕ್ಕಿಂತ ಬಹಳ ಬಿಸಿ. 24 ಡಿಗ್ರಿಯಲ್ಲಿ ಸಮಯ ಸುಮಾರು ಏಳು ಹತ್ತಾಂಶಕ್ಕೆ ಇಳಿಯುತ್ತದೆ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಚಿತ್ರದಲ್ಲಿ ಪಟ್ಟೆಗಳು ಮೂಡಬಹುದು. ಮಣ್ಣಿನ ಮಡಕೆಯಲ್ಲಿ ರಾತ್ರಿ ಇಟ್ಟ ನೀರು, ಸುತ್ತ ಮಂಜುಗಡ್ಡೆಯ ಬೋಗುಣಿ ಇದ್ದರೆ ಮನೆಯಲ್ಲೇ ಕೆಲಸ ನಡೆಯುತ್ತದೆ. ಡೆವಲಪರ್, ಫಿಕ್ಸರ್, ತೊಳೆಯುವ ನೀರು ಮೂರೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರಬೇಕು. ಬೋರ್‌ವೆಲ್ಲಿನ ಗಡಸು ನೀರು ಒಣಗಿದಾಗ ಬಿಳಿ ಕಲೆ ಬಿಡುವುದರಿಂದ ಕೊನೆಯ ಜಾಲಾಟ ಡಿಸ್ಟಿಲ್ಡ್ ನೀರಿನಲ್ಲಾಗಬೇಕು.

ಎಲ್ಲಕ್ಕಿಂತ ಹೆಚ್ಚು ನಷ್ಟ ತಂದ ನಂಬಿಕೆಯೆಂದರೆ ಪ್ರಿಂಟ್ ಬಂದ ಮೇಲೆ ನೆಗೆಟಿವ್ ಬೇಡ ಎಂಬುದು. ಪ್ರಿಂಟ್ ಒಂದು ಪ್ರತಿ, ಮೂಲ ನೆಗೆಟಿವೇ. ಹಂಪಿಯಲ್ಲೇ ಇದಕ್ಕೆ ಸಾಕ್ಷಿಯಿದೆ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಇಲ್ಲಿನ ಸ್ಮಾರಕಗಳ ಚಿತ್ರಗಳನ್ನು ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ತೆಗೆದ. ಅವು ಉಳಿದದ್ದರಿಂದಲೇ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿದ್ದುದು ಇಂದು ಕಣ್ಣಿಗೆ ಕಾಣುತ್ತದೆ. ಈಗ ಆ ಶಿಖರ ಇಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳಿಂದಲೇ ಮತ್ತೆ ಚಿತ್ರ ತೆಗೆದಾಗ ನಡುವೆ ಬಿದ್ದದ್ದೇನು, ಉಳಿದದ್ದೇನು ಎಂಬುದು ಒಂದೊಂದು ಕಲ್ಲಿನ ಮಟ್ಟಕ್ಕೆ ಹೋಲಿಸಲು ಸಿಕ್ಕಿತು. ಊರಿನ ಸ್ಟುಡಿಯೋಗಳ ಟ್ರಂಕುಗಳಲ್ಲಿರುವ ಮದುವೆ, ಜಾತ್ರೆ, ಶಾಲೆಯ ಗುಂಪುಚಿತ್ರಗಳ ನೆಗೆಟಿವ್‌ಗಳಿಗೂ ಇದೇ ಬೆಲೆ ಸಲ್ಲಬೇಕು. ಅಂಗಡಿ ಮುಚ್ಚುವಾಗ ಅವನ್ನು ಗುಜರಿಗೆ ಹಾಕುವುದು ಆಯಾ ಊರಿನ ಚರಿತ್ರೆಯನ್ನೇ ಹಾಕಿದಂತೆ.

ಚೆನ್ನಾಗಿ ತೊಳೆದ ಕಪ್ಪು-ಬಿಳುಪು ನೆಗೆಟಿವಿನ ಬೆಳ್ಳಿ ಬಹುಕಾಲ ಬಾಳುತ್ತದೆ; ಬಣ್ಣದ ನೆಗೆಟಿವಿನ ವರ್ಣಗಳು ಅದಕ್ಕಿಂತ ಬೇಗ ಮಾಸುತ್ತವೆ. ಎರಡಕ್ಕೂ ಆಧಾರವಾಗಿರುವ ಅಸಿಟೇಟ್ ಹಾಳೆ ಬಿಸಿ ಮತ್ತು ತೇವ ಸೇರಿದಾಗ ಕೊಳೆಯತೊಡಗಿ ವಿನೆಗರಿನ ಹುಳಿ ವಾಸನೆ ಬೀರುತ್ತದೆ. ಹೊರಬರುವ ಆಮ್ಲ ಪಕ್ಕದ ನೆಗೆಟಿವ್‌ಗಳ ಕೊಳೆಯುವಿಕೆಯನ್ನೂ ಚುರುಕುಗೊಳಿಸುವುದರಿಂದ ವಾಸನೆ ಬಂದ ಪಟ್ಟಿಗಳನ್ನು ಕೂಡಲೇ ಬೇರೆಡೆಗೆ ತೆಗೆದಿಟ್ಟು ಮೊದಲು ಅವನ್ನೇ ಸ್ಕ್ಯಾನ್ ಮಾಡಿಸಬೇಕು. ಉಳಿದವಕ್ಕೆ ಆಮ್ಲರಹಿತ ಕಾಗದದ ಲಕೋಟೆ, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಊರು ಮತ್ತು ವರ್ಷ, ತಗಡಿನ ಮಾಡಿನಿಂದ ದೂರವಾದ ತಂಪು ಕೋಣೆಯ ಕಪಾಟು ಬೇಕು.