ಕಂಪ್ಯೂಟರ್ ಬೂಟ್ ಆಗುತ್ತಿಲ್ಲ ಎಂದರೆ ಹಾರ್ಡ್ ಡಿಸ್ಕ್ ಹೋಯಿತು ಎಂದೇ ಅರ್ಥವೇ?

‘ಕಂಪ್ಯೂಟರ್ ಬೂಟ್ ಆಗದಿದ್ದರೆ ಹಾರ್ಡ್ ಡಿಸ್ಕ್ ಸತ್ತಿದೆ ಎಂದರ್ಥ. ಅದನ್ನು ಬಿಚ್ಚಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಆಗಲೂ ಸರಿಹೋಗದಿದ್ದರೆ ಫಾರ್ಮ್ಯಾಟ್ ಮಾಡಿ. ಎಲ್ಲರಿಗೂ ಕಳುಹಿಸಿ.’

ಇಂಥದ್ದೊಂದು ಸಂದೇಶ ನಮ್ಮ ತಂಡದ ಗೆಳತಿಯ ಫ್ಯಾಮಿಲಿ ಗ್ರೂಪ್‌ಗೆ ಬಂದಿತ್ತು. ಕಳುಹಿಸಿದ್ದು ಅವರ ಚಿಕ್ಕಪ್ಪ. ಅವರ ಕಾಳಜಿ ನಿಜವಾದದ್ದೇ. ಏಕೆಂದರೆ ಅಂದು ಗೆಳತಿಯ ಮನೆಯಲ್ಲಿ ಕಂಪ್ಯೂಟರ್ ಕೈಕೊಟ್ಟಿತ್ತು.

ಅದು ರಿಫರ್ಬಿಶ್ಡ್ ಡೆಸ್ಕ್‌ಟಾಪ್. ಅಂದರೆ ಯಾವುದೋ ಆಫೀಸಿನಲ್ಲಿ ಕೆಲವು ವರ್ಷ ದುಡಿದು, ರಿಪೇರಿಯಾಗಿ ಮತ್ತೆ ಮಾರಾಟಕ್ಕೆ ಬಂದದ್ದು. ಡಿಗ್ರಿ ಕೊನೆಯ ವರ್ಷದಲ್ಲಿರುವ ತಂಗಿಗಾಗಿ ಕೊಂಡಿದ್ದರು. ದಸರಾ ರಜೆಗೆ ಎಲ್ಲರೂ ಮೇನ್ ಸ್ವಿಚ್ ಆರಿಸಿ ಅಜ್ಜಿ ಮನೆಗೆ ಹೋಗಿದ್ದರು. ಎರಡು ವಾರದ ನಂತರ ಬಂದು ಬಟನ್ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ‘ನೋ ಬೂಟಬಲ್ ಡಿವೈಸ್’. ಎರಡು ತಿಂಗಳ ಪ್ರಾಜೆಕ್ಟ್ ವರದಿ ಅದರೊಳಗೇ ಇತ್ತು, ಪೆನ್ ಡ್ರೈವ್‌ನಲ್ಲಿ ನಕಲು ಇರಲಿಲ್ಲ. ಸಲ್ಲಿಸಲು ಉಳಿದದ್ದು ಒಂಬತ್ತು ದಿನ. ರಿಪೇರಿಯವರೊಬ್ಬರು ಕ್ಯಾಬಿನೆಟ್ ಬಿಚ್ಚದೆಯೇ ‘ಡಿಸ್ಕ್ ಹೋಗಿದೆ, ಹೊಸದು ಹಾಕೋಣ, ಹಳೆಯ ಫೈಲ್ ಸಿಗಲ್ಲ’ ಎಂದಿದ್ದರು.

ಹಾಗಾದರೆ ನಿಜವೇನು? ಬನ್ನಿ ನೋಡೋಣ.

ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ?

ಕಂಪ್ಯೂಟರ್ ಒಂದೇ ಏಟಿಗೆ ಶುರುವಾಗುವುದಿಲ್ಲ. ಮೊದಲು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ ಗೋಡೆಯ 230 ವೋಲ್ಟ್ ಕರೆಂಟನ್ನು ಸಣ್ಣ ವೋಲ್ಟೇಜ್‌ಗೆ ಇಳಿಸುತ್ತದೆ. ನಂತರ ಮದರ್‌ಬೋರ್ಡ್‌ನಲ್ಲಿರುವ ಬಯೋಸ್ ಎಂಬ ಪುಟ್ಟ ತಂತ್ರಾಂಶ ಎದ್ದು ಪ್ರೊಸೆಸರ್, ರ‍್ಯಾಮ್, ಕೀಬೋರ್ಡ್ ಇವೆಯೇ ಎಂದು ಹಾಜರಿ ತೆಗೆದುಕೊಳ್ಳುತ್ತದೆ. ಆಮೇಲಷ್ಟೇ ಅದು ಡಿಸ್ಕಿನಲ್ಲಿ ವಿಂಡೋಸ್ ಅಥವಾ ಲಿನಕ್ಸ್ ಎಲ್ಲಿದೆ ಎಂದು ಹುಡುಕುತ್ತದೆ.

ಈ ಸರಪಳಿ ಎಲ್ಲಿ ಬೇಕಾದರೂ ತುಂಡಾಗಬಹುದು. ಆದ್ದರಿಂದ ‘ಏನು ಹಾಳಾಗಿದೆ’ ಎನ್ನುವುದಕ್ಕಿಂತ ಮೊದಲು ‘ಎಲ್ಲಿಯವರೆಗೆ ಬಂದು ನಿಂತಿದೆ’ ಎಂದು ಕೇಳಬೇಕು.

ಎಲ್ಲಿ ನಿಂತಿದೆ ಎಂದು ತಿಳಿಯುವುದು ಹೇಗೆ?

1. ಫ್ಯಾನ್ ತಿರುಗುತ್ತಿಲ್ಲ, ಲೈಟೂ ಇಲ್ಲ: ಕರೆಂಟ್ ಒಳಗೆ ಹೋಗುತ್ತಿಲ್ಲ. ಪವರ್ ಕೇಬಲ್ ಬದಲಿಸಿ, ಬೇರೆ ಪ್ಲಗ್ ಪಾಯಿಂಟ್‌ನಲ್ಲಿ ನೋಡಿ. ಹಳೆಯ ಎಸ್‌ಎಂಪಿಎಸ್‌ಗಳ ಹಿಂಬದಿಯಲ್ಲಿ 115/230 ಎಂದು ಬರೆದ ಕೆಂಪು ಸ್ವಿಚ್ ಇರಬಹುದು. ನಮ್ಮಲ್ಲಿ ಅದು 230ರಲ್ಲೇ ಇರಬೇಕು. 115ರಲ್ಲಿಟ್ಟು ನಮ್ಮ ಕರೆಂಟ್ ಕೊಟ್ಟರೆ ಎಸ್‌ಎಂಪಿಎಸ್ ಸುಟ್ಟುಹೋಗುತ್ತದೆ. ವಿದೇಶದಿಂದ ಬಂದ ಹಳೆಯ ಯಂತ್ರವಾದರೆ ಪ್ಲಗ್ ಹಾಕುವ ಮೊದಲೇ ಇದನ್ನು ನೋಡಿ.

2. ಫ್ಯಾನ್ ತಿರುಗುತ್ತದೆ, ಪರದೆ ಪೂರ್ತಿ ಕಪ್ಪು: ಮಾನಿಟರ್ ಕೇಬಲ್ ಸರಿಯಾದ ಜಾಗದಲ್ಲಿದೆಯೇ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹಾಕಬೇಕು. ಬೀಪ್ ಸದ್ದು ಬಂದರೆ ಎಷ್ಟು ಸಲ ಎಂದು ಎಣಿಸಿ ಬರೆದಿಡಿ. ಪ್ರತಿ ಕಂಪನಿಯ ಬೀಪ್‌ಗೂ ಬೇರೆ ಬೇರೆ ಅರ್ಥವಿದೆ. ಸಾಗಣೆಯಲ್ಲಿ ಅಲುಗಾಡಿ ರ‍್ಯಾಮ್ ಸಡಿಲವಾಗಿರುವುದೂ ಸಾಮಾನ್ಯ.

3. ಪರದೆಯ ಮೇಲೆ ಅಕ್ಷರ ಬರುತ್ತದೆ, ವಿಂಡೋಸ್ ಬರುವುದಿಲ್ಲ: ಇದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ಎಸ್‌ಎಂಪಿಎಸ್, ಪ್ರೊಸೆಸರ್, ರ‍್ಯಾಮ್ ಎಲ್ಲವೂ ಹಾಜರಿ ಕೊಟ್ಟಿವೆ ಎಂದರ್ಥ. ಉಳಿದದ್ದು ಡಿಸ್ಕ್, ಅದರ ಕೇಬಲ್ ಅಥವಾ ಬಯೋಸ್‌ನ ಸೆಟ್ಟಿಂಗ್.

ಗೆಳತಿಯ ಮನೆಯದು ಮೂರನೆಯ ಬಗೆ. ಎಫ್2 ಕೀ ಒತ್ತಿ ಬಯೋಸ್ ತೆರೆಯಲು ಹೇಳಿದೆವು (ಕೆಲವು ಯಂತ್ರಗಳಲ್ಲಿ ಡಿಲೀಟ್, ಎಫ್1 ಅಥವಾ ಎಫ್10 ಇರುತ್ತದೆ). ಅಲ್ಲಿ ಎರಡು ಸಂಗತಿ ಕಂಡವು. ಹಾರ್ಡ್ ಡಿಸ್ಕಿನ ಹೆಸರು ಪಟ್ಟಿಯಲ್ಲಿ ಇತ್ತು. ದಿನಾಂಕ ಮಾತ್ರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು!

ದಿನಾಂಕಕ್ಕೂ ಬೂಟ್‌ಗೂ ಏನು ಸಂಬಂಧ?

ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬಟನ್ ಸೆಲ್ ಇರುತ್ತದೆ. ಹೆಸರು ಸಿಆರ್2032, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಇದೇ. ಹಳೆಯ ಮಾದರಿಗಳಲ್ಲಿ ಬಯೋಸ್ ಸೆಟ್ಟಿಂಗ್‌ಗಳನ್ನು ನೆನಪಿಟ್ಟುಕೊಳ್ಳುವುದೂ ಇದರ ಬಲದಿಂದಲೇ. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಸೆಲ್‌ಗೆ ಹೆಚ್ಚು ಕೆಲಸವಿಲ್ಲ. ಹಾಗಾಗಿ ಸೆಲ್ ಸೊರಗಿದ್ದರೂ ಗೊತ್ತಾಗುವುದಿಲ್ಲ. ಮೇನ್ ಸ್ವಿಚ್ ಆರಿಸಿ ಊರಿಗೆ ಹೋದಾಗ ಗುಟ್ಟು ಹೊರಬೀಳುತ್ತದೆ.

ಸೆಲ್ ಖಾಲಿಯಾದಾಗ ಬಯೋಸ್ ಕಾರ್ಖಾನೆಯ ಸೆಟ್ಟಿಂಗ್‌ಗೆ ಮರಳುತ್ತದೆ. ಈ ಯಂತ್ರದಲ್ಲಿ ವಿಂಡೋಸ್ ಹಾಕಿದ್ದು ಯುಇಎಫ್‌ಐ ಎಂಬ ವಿಧಾನದಲ್ಲಿ. ಬಯೋಸ್ ಮರಳಿದ್ದು ಹಳೆಯ ಲೆಗಸಿ ವಿಧಾನಕ್ಕೆ. ಡಿಸ್ಕ್ ಎದುರಿಗೇ ಇದ್ದರೂ ಬಯೋಸ್ ಅದರಲ್ಲಿ ವಿಂಡೋಸನ್ನು ಗುರುತಿಸಲಿಲ್ಲ. ಮನೆ ಅಲ್ಲೇ ಇದೆ, ವಿಳಾಸದ ಚೀಟಿ ಮಾತ್ರ ಕಳೆದುಹೋಗಿದೆ ಎಂದಂತೆ.

ಪ್ಲಗ್ ಕಿತ್ತು, ಹೊಸ ಸೆಲ್ ಹಾಕಿ, ದಿನಾಂಕ ಸರಿಪಡಿಸಿ, ಬೂಟ್ ವಿಧಾನವನ್ನು ಯುಇಎಫ್‌ಐಗೆ ಬದಲಿಸಿ ಸೇವ್ ಮಾಡಿದ್ದಾಯಿತು. ವಿಂಡೋಸ್ ಬಂತು, ವರದಿಯೂ ಇತ್ತು. ತಂಗಿ ಮಾಡಿದ ಮೊದಲ ಕೆಲಸ ಪೆನ್ ಡ್ರೈವ್ ಹುಡುಕಿದ್ದು. ಖರ್ಚು ಒಂದು ಸೆಲ್‌ನದು, ಸುಮಾರು ₹50.

ಅಂದು ಫಾರ್ಮ್ಯಾಟ್ ಮಾಡಿದ್ದರೆ? ಕಂಪ್ಯೂಟರ್ ಮತ್ತೆ ಶುರುವಾಗುತ್ತಿತ್ತು, ಸಂದೇಶ ‘ನಿಜ’ ಎನಿಸುತ್ತಿತ್ತು. ಎರಡು ತಿಂಗಳ ಕೆಲಸ ಮಾತ್ರ ಹೋಗಿರುತ್ತಿತ್ತು.

ಹಾಗಾದರೆ ಫಾರ್ವರ್ಡ್‌ಗಳ ಮಾತು?

ಫ್ರೀಜರ್‌ನಲ್ಲಿಡಿ – ತಪ್ಪು. ತಣ್ಣಗಿನ ಡಿಸ್ಕ್ ಹೊರಗೆ ಬಂದಾಗ ತೇವ ಕೂರುತ್ತದೆ. ಉಳಿದಿದ್ದ ಫೈಲ್‌ಗಳೂ ಹೋಗಬಹುದು.

ಫಾರ್ಮ್ಯಾಟ್ ಎಲ್ಲಕ್ಕೂ ಮದ್ದು – ತಪ್ಪು. ಕೇಬಲ್, ರ‍್ಯಾಮ್, ಸೆಲ್ ದೋಷವನ್ನು ಅದು ಸರಿಪಡಿಸದು. ಅದು ಕೊನೆಯ ಹೆಜ್ಜೆ.

ರ‍್ಯಾಮನ್ನು ರಬ್ಬರ್‌ನಿಂದ ಉಜ್ಜಿ – ಅರ್ಧ ನಿಜ. ಕೊಳೆ ಹೋಗುತ್ತದೆ, ಆದರೆ ಜೋರಾಗಿ ಉಜ್ಜಿದರೆ ಚಿನ್ನದ ತೆಳು ಲೇಪವೂ ಹೋಗುತ್ತದೆ. ಮೊದಲು ತೆಗೆದು ಮತ್ತೆ ‘ಕ್ಲಿಕ್’ ಎನ್ನುವಂತೆ ಕೂರಿಸಿ ನೋಡಿ.

ಈ ಎಚ್ಚರಿಕೆಗಳು ಇರಲಿ

• ಕ್ಯಾಬಿನೆಟ್ ಬಿಚ್ಚುವ ಮೊದಲು ಬಿಲ್ ನೋಡಿ. ವಾರಂಟಿ ಇದ್ದರೆ ಮಾರಿದವರಿಗೇ ಒಪ್ಪಿಸಿ, ಫೈಲ್ ಬೇಕು ಎಂದು ಬರಹದಲ್ಲಿ ತಿಳಿಸಿ. ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.
• ಬಿಚ್ಚುವುದಾದರೆ ಪ್ಲಗ್ ಕಿತ್ತು, ಪವರ್ ಬಟನನ್ನು 15–20 ಸೆಕೆಂಡ್ ಒತ್ತಿಹಿಡಿಯಿರಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ಕರೆಂಟ್ ಉಳಿದಿರಬಹುದು.
• ಬಯೋಸ್‌ನಲ್ಲಿ ಏನನ್ನಾದರೂ ಬದಲಿಸುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.
• ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ, ಬದಲಾವಣೆಯ ನಂತರ 48 ಅಂಕಿಯ ಕೀ ಕೇಳಬಹುದು. ಅದನ್ನು ಈಗಲೇ ಬರೆದಿಟ್ಟುಕೊಳ್ಳಿ.
• ಹಾರ್ಡ್ ಡಿಸ್ಕ್‌ನಿಂದ ‘ಟಕ್ ಟಕ್’ ಸದ್ದು ಬರುತ್ತಿದ್ದರೆ ಕೂಡಲೇ ಆರಿಸಿ. ಅದು ನಿಜವಾಗಿಯೂ ಹಾಳಾಗುತ್ತಿರುವ ಲಕ್ಷಣ. ಮುಖ್ಯ ಫೈಲ್ ಇದ್ದರೆ ಡೇಟಾ ರಿಕವರಿ ಬಲ್ಲವರಿಗೆ ತೋರಿಸಿ.

ಕೊನೆಯದಾಗಿ

ಬೂಟ್ ಆಗದಿರುವುದು ಜ್ವರವಿದ್ದಂತೆ. ಅದು ಲಕ್ಷಣ, ಕಾಯಿಲೆಯ ಹೆಸರಲ್ಲ. ಹಿಂದಿರುಗಿಸಲಾಗದ ಕೆಲಸವನ್ನು, ಅಂದರೆ ಫಾರ್ಮ್ಯಾಟ್ ಮಾಡುವುದು, ಡಿಸ್ಕ್ ಎಸೆಯುವುದು ಇವನ್ನು ಕೊನೆಗೆ ಇಟ್ಟುಕೊಳ್ಳಿ. ಚಿಕ್ಕಪ್ಪನ ಸಂದೇಶದಲ್ಲಿ ‘ಕೂಡಲೇ ಮಾಡಿ’ ಎಂದಿತ್ತೇ ಹೊರತು ‘ಮೊದಲು ನೋಡಿ’ ಎಂದಿರಲಿಲ್ಲ. ಅಂಥ ಸಂದೇಶ ನಿಮ್ಮ ಗ್ರೂಪ್‌ಗೂ ಬಂದರೆ, ಮುಂದೆ ಕಳುಹಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಪರದೆಯ ಮೇಲೆ ಏನು ಬರುತ್ತಿದೆ?’