ಚಾಟಿಗೆ ಹುಳುವಿನ ಮೆರುಗು

ಆಸ್ಟ್ರೇಲಿಯಾದ ದನಗಾಹಿಗಳ ಚಾಟಿ ನಮ್ಮ ಬಾರುಕೋಲಿನಂತೆ ಕೋಲಿಗೆ ಕಟ್ಟಿದ ಬರೀ ಒಂದು ಬಾರಲ್ಲ. ಕಾಂಗರೂ ತೊಗಲನ್ನು ಸಣ್ಣ ಎಳೆಗಳಾಗಿ ಸೀಳಿ, ಹಿಡಿಯ ಕಡೆ ದಪ್ಪ, ತುದಿಯ ಕಡೆ ಸಪೂರ ಬರುವಂತೆ ಜಡೆ ಹೆಣೆದಿರುತ್ತಾರೆ. ಕಾಂಗರೂ ತೊಗಲೇ ಏಕೆಂದರೆ, ಅದರ ನಾರುಗಳು ಬಹುಮಟ್ಟಿಗೆ ಮೇಲ್ಮೈಗುಂಟ ಮಲಗಿರುತ್ತವೆ. ದನದ ತೊಗಲನ್ನು ತೀರಾ ತೆಳ್ಳಗೆ ಮಾಡಿದರೆ ಬಲ ಹೋಗುತ್ತದೆ. ಇದರದು ಹಾಗೆ ಹೋಗುವುದಿಲ್ಲ. ಬೀಸಿದಾಗ ಹುಟ್ಟಿದ ಸುರುಳಿ ಸಪೂರ ಕಡೆಗೆ ಓಡುತ್ತ ವೇಗ ಪಡೆದು, ಕೊನೆಗೆ ಸೆಕೆಂಡಿಗೆ 340 ಮೀಟರ್ ದಾಟುತ್ತದೆ. ಆಗ ಕೇಳುವ ಛಟೀರ್ ಸದ್ದು ದನದ ಬೆನ್ನಿನದಲ್ಲ, ಧ್ವನಿವೇಗ ಮೀರಿದ ಗಾಳಿಯ ಸಿಡಿತ.

ಹೆಣೆದ ಜಡೆಯನ್ನು ಹಲಗೆಯಡಿ ಹೊರಳಿಸಿ ನುಣುಪು ಮಾಡಿದ ಮೇಲೆ ಹಲವು ಕಸುಬುದಾರರು ಹಚ್ಚುವುದು ಶೆಲ್ಲಾಕ್, ಅಂದರೆ ಹದಮಾಡಿದ ಅರಗು. ನಮ್ಮ ಬಡಗಿಗಳು ಫ್ರೆಂಚ್ ಪಾಲಿಶ್‌ಗೆಂದು ಸ್ಪಿರಿಟ್ಟಿನಲ್ಲಿ ನೆನೆಹಾಕುವ ಕಿತ್ತಳೆ ಬಣ್ಣದ ಚಕ್ಕೆ ಅದೇ. ಚನ್ನಪಟ್ಟಣದ ಗೊಂಬೆಗಳ ಹೊಳಪಿಗೂ ಮೂಲ ಅರಗೇ; ಅಲ್ಲಿ ಮಾತ್ರ ಸ್ಪಿರಿಟ್ ಬೇಡ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹರಡುತ್ತದೆ.

ಈ ಅರಗು ಒಂದು ಹುಳುವಿನ ಮನೆ. ಕೆರಿಯಾ ಲಕ್ಕಾ ಎಂಬ ಈ ಕೀಟ ಮುತ್ತುಗ, ಬೋರೆ, ಸಾಗಡೆ ಮರಗಳ ಎಳೆಯ ರೆಂಬೆಗಳಲ್ಲಿ ಬದುಕುತ್ತದೆ. ಅರ್ಧ ಮಿಲಿಮೀಟರಿನಷ್ಟು ಉದ್ದದ ಕೆಂಪು ಮರಿಗಳು ತಾಯಿಯ ಗೂಡಿನಿಂದ ಹೊರಬಂದು, ಜಾಗ ಹುಡುಕಿ, ಸೂಜಿಯಂಥ ಬಾಯಿಯನ್ನು ತೊಗಟೆಗೆ ಚುಚ್ಚಿ ಕೂರುತ್ತವೆ. ಹೆಣ್ಣಿಗೆ ಅಲ್ಲಿಂದ ಮುಂದೆ ಪ್ರಯಾಣವಿಲ್ಲ. ಕಾಲುಗಳು ಅಳಿಯುತ್ತವೆ, ರಸ ಹೀರುತ್ತ, ಮೈಯಿಂದ ಅಂಟು ಸ್ರವಿಸುತ್ತ, ಅದರೊಳಗೇ ಬೆಳೆದು ಮರಿಮಾಡಿ ಸಾಯುತ್ತದೆ. ಉಸಿರಾಟಕ್ಕೂ ವಿಸರ್ಜನೆಗೂ ಗೂಡಿನಲ್ಲಿ ಸಣ್ಣ ಕಿಂಡಿಗಳಿರುತ್ತವೆ, ಅವು ಮುಚ್ಚಿಹೋಗದಂತೆ ಬಿಳಿಯ ಮೇಣದ ಎಳೆಗಳು ಕಾಯುತ್ತವೆ. ಗಂಡು ಬಲಿತ ಮೇಲೆ ಕೆಲವೇ ದಿನ ಬಾಳುತ್ತದೆ. ಮರಿಗಳು ಒತ್ತೊತ್ತಾಗಿ ಕೂತಿರುವುದರಿಂದ ಗೂಡುಗಳೆಲ್ಲ ಕೂಡಿಕೊಂಡು ರೆಂಬೆಗೆ ಗಟ್ಟಿ ತೊಗಟೆಯೊಂದು ಬೆಳೆದಂತಾಗುತ್ತದೆ. ರೈತರು ಮರಿಗಳಿರುವ ಕಡ್ಡಿಗಳನ್ನು ಹೊಸ ಮರಕ್ಕೆ ಕಟ್ಟುತ್ತಾರೆ. ವರ್ಷಕ್ಕೆ ಎರಡು ಫಸಲು. ಜಾರ್ಖಂಡ್ ಇದರ ದೊಡ್ಡ ನೆಲೆ. ರಾಂಚಿಯ ನಾಮ್ಕುಮ್‌ನಲ್ಲಿ ಅರಗಿಗೆಂದೇ ಸಂಶೋಧನಾ ಸಂಸ್ಥೆ ಶುರುವಾದದ್ದು 1924ರಲ್ಲಿ.

ಕೆರೆದ ಅರಗನ್ನು ಪುಡಿಮಾಡಿ ತೊಳೆದಾಗ ನೀರು ಕೆಂಪಾಗಿ ಹರಿಯುತ್ತದೆ. ಆ ಕೆಂಪು ಹುಳುವಿನ ಮೈಯದು, ಒಂದು ಕಾಲಕ್ಕೆ ಬಟ್ಟೆಗೆ ಹಾಕುವ ಬಣ್ಣವಾಗಿ ಮಾರಾಟವಾಗುತ್ತಿತ್ತು. ಉಳಿದ ಕಾಳನ್ನು ಉದ್ದನೆಯ ಬಟ್ಟೆ ಚೀಲಕ್ಕೆ ತುಂಬಿ, ಕುಲುಮೆಯ ಮುಂದೆ ತಿರುಚುತ್ತ ಹಿಂಡಿ, ಇಳಿದ ಪಾಕವನ್ನು ಹಾಳೆಯಾಗಿ ಎಳೆಯುವುದು ಹಳೆಯ ಪದ್ಧತಿ. ಎಳೆಯಲು ಕೈ ಸಾಲದೆ ಕಾಲು, ಹಲ್ಲುಗಳನ್ನೂ ಬಳಸುತ್ತಿದ್ದರು!

ಮಳೆಗೆ ಅರಗು ಕರಗದು, ಸ್ಪಿರಿಟ್ಟಿಗೆ ಕರಗುತ್ತದೆ. ಚಾಟಿ ಮಾಡುವವನಿಗೆ ಬೇಕಾದದ್ದೂ ಇದೇ. ಸವೆದ ಕಡೆ ಹೊಸ ಕೈ ಹೊಡೆದರೆ ಅದರಲ್ಲಿರುವ ಸ್ಪಿರಿಟ್ ಹಳೆಯ ಪದರವನ್ನೂ ಮೆದುಗೊಳಿಸಿ ಎರಡನ್ನೂ ಒಂದು ಮಾಡುತ್ತದೆ, ಹಳೆಯದನ್ನು ಕೆರೆಯುವ ಕೆಲಸವಿಲ್ಲ. ಆದರೆ ಚಾಟಿ ಮೇಜಲ್ಲ, ಬಾಗುವ ವಸ್ತು. ದಪ್ಪಗೆ ಬಳಿದರೆ ಮೊದಲ ಬೀಸಿಗೇ ಮೆರುಗು ಬಿರುಕುಬಿಟ್ಟು ಉದುರೀತು. ನೀರಿನಷ್ಟು ತೆಳುವಾಗಿ ಕಲಸಿ, ಬಟ್ಟೆಯಿಂದ ಸವರಿ, ಒಣಗಿದ ಮೇಲೆ ಮತ್ತೊಮ್ಮೆ ಸವರುವುದೇ ಸರಿ. ತೊಗಲಿಗೆ ಕೊಬ್ಬು ಹೆಚ್ಚು ಮೆತ್ತಿದ್ದರೆ ಅರಗು ಸರಿಯಾಗಿ ಅಂಟುವುದಿಲ್ಲ.

ಬಣ್ಣದ ವಿಷಯದಲ್ಲಿ ಸ್ಪಿರಿಟ್ಟಿನ ಈ ಕರಗಿಸುವ ಗುಣವೇ ತೊಂದರೆ ಕೊಡುತ್ತದೆ. ಸ್ಪಿರಿಟ್ ಆಧಾರಿತ ಬಣ್ಣ ಹಾಕಿದ ತೊಗಲಿನ ಮೇಲೆ ಶೆಲ್ಲಾಕ್ ಉಜ್ಜಿದರೆ ಕೆಳಗಿನ ಬಣ್ಣವೂ ಎದ್ದು ಬಟ್ಟೆಗೆ ಬರುತ್ತದೆ. ಕಪ್ಪು, ಕಂದು ಎಳೆಗಳನ್ನು ಬೆರೆಸಿ ಹೆಣೆದಿದ್ದರೆ ಕಪ್ಪು ಪಕ್ಕದ ಎಳೆಗೂ ಮೆತ್ತಿ ವಿನ್ಯಾಸವೇ ಕೆಡುತ್ತದೆ. ಉಜ್ಜದೆ ಒಂದೇ ಸಲ ಹಗುರಾಗಿ ಎಳೆದುಬಿಡಬೇಕು. ಇಡೀ ಚಾಟಿಗೆ ಒಂದೇ ಛಾಯೆ ಸಾಕೆನ್ನುವವರು ಬಣ್ಣವನ್ನು ಮೆರುಗಿನಲ್ಲೇ ಕರಗಿಸಬಹುದು. ಇಲ್ಲವೇ ಶುದ್ಧಿ ಕಡಿಮೆಯಿರುವ ಗಾಢ ಶೆಲ್ಲಾಕ್ ಬಳಸಿದರೆ ಕಂದು ತೊಗಲಿಗೆ ಜೇನುಬಣ್ಣ ತಾನಾಗಿ ಬರುತ್ತದೆ. ನನ್ನ ಮಟ್ಟಿಗೆ ಅದರಷ್ಟು ಚೆಂದ ಬೇರೆಯಿಲ್ಲ. ಜಡಿಮಳೆಯ ದಿನ ಮಾತ್ರ ಈ ಕೆಲಸ ಬೇಡ, ತೇವ ಸೇರಿ ಮೆರುಗು ಬೆಳ್ಳಗೆ ಮಬ್ಬಾಗುತ್ತದೆ.

ಕಲಸಿಟ್ಟ ಶೆಲ್ಲಾಕ್ ಬಹುಕಾಲ ಇರದು. ಅದರಲ್ಲಿನ ಆಮ್ಲಗಳು ನಿಧಾನವಾಗಿ ಮದ್ಯಸಾರದೊಂದಿಗೇ ಸೇರಿ, ಹಚ್ಚಿದ ಪದರ ಒಣಗದೆ ಜಿಗುಟಾಗಿಯೇ ಉಳಿಯುತ್ತದೆ. ಹಳೆಯ ಬಾಟಲಿಯಾದರೆ ಗಾಜಿನ ಚೂರಿನ ಮೇಲೆ ಒಂದು ಹನಿ ಹರಡಿಡಿ. ಮರುದಿನ ಬೆರಳಿನ ಗುರುತು ಮೂಡಿದರೆ ಹೊಸದಾಗಿ ಚಕ್ಕೆ ನೆನೆಹಾಕಿ.