ಗಣಕದ ಹಲವು ನುಡಿಗಳು

ಗಣಕಯಂತ್ರಕ್ಕೆ ತನ್ನದೇ ಆದ ಭಾಷೆಯೊಂದುಂಟು. ಅದರ ವರ್ಣಮಾಲೆಯಲ್ಲಿರುವ ಅಕ್ಷರಗಳು ಎರಡೇ: ಸೊನ್ನೆ ಮತ್ತು ಒಂದು. ಎರಡು ಸಂಖ್ಯೆಗಳನ್ನು ಕೂಡು ಎಂಬ ಸರಳವಾದ ಆಜ್ಞೆಯನ್ನು ಸಹ ಈ ಎರಡು ಅಕ್ಷರಗಳ ಉದ್ದನೆಯ ಸಾಲಾಗಿ ಬರೆದುಕೊಟ್ಟರೆ ಮಾತ್ರ ಯಂತ್ರಕ್ಕೆ ಅರ್ಥವಾಗುತ್ತದೆ. ಯಂತ್ರವು ನೆರವೇರಿಸಬೇಕಾದ ಇಂತಹ ಆಜ್ಞೆಗಳ ಸಮೂಹವನ್ನು ಕ್ರಮವಿಧಿ ಎನ್ನುತ್ತಾರೆ. ಬಳಕೆಯ ಮಾತಿನಲ್ಲಿ ಅದು ಪ್ರೋಗ್ರಾಮ್. ಮೊದಮೊದಲ ಗಣಕಗಳೊಡನೆ ದುಡಿದವರು ಕ್ರಮವಿಧಿಯನ್ನು ಹೀಗೆ ಯಂತ್ರದ ನುಡಿಯಲ್ಲಿಯೇ, ಇಲ್ಲವೆ ಅದಕ್ಕೆ ತೀರ ಹತ್ತಿರವಾದ ಚಿಕ್ಕ ಚಿಕ್ಕ ಸಂಕೇತಗಳಲ್ಲಿ ಬರೆಯಬೇಕಾಗಿತ್ತು. ಒಂದು ಸೊನ್ನೆ ಸ್ಥಾನಪಲ್ಲಟವಾದರೆ ಇಡೀ ಲೆಕ್ಕ ಕೆಡುತ್ತಿತ್ತು. ಕೆಟ್ಟದ್ದೆಲ್ಲಿ ಎಂದು ಹುಡುಕುವುದು ಬರೆಯುವುದಕ್ಕಿಂತಲೂ ಕಷ್ಟದ ಕೆಲಸ.

ಈ ಕಷ್ಟವನ್ನು ಕಳೆಯಲು ಹೊರಟವರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಜಾನ್ ಬ್ಯಾಕಸ್ ಪ್ರಮುಖರು. ಮನುಷ್ಯನು ತನಗೆ ಪರಿಚಿತವಾದ ಗಣಿತದ ಸೂತ್ರಗಳ ರೂಪದಲ್ಲಿ ಬರೆಯಲಿ, ಅದನ್ನು ಸೊನ್ನೆ ಒಂದುಗಳಿಗೆ ಅನುವಾದಿಸುವ ಹೊಣೆಯನ್ನು ಯಂತ್ರವೇ ಹೊರಲಿ ಎಂಬುದು ಅವರ ಯೋಚನೆ. 1954ರಲ್ಲಿ ತೊಡಗಿದ ಕೆಲಸ 1957ರಲ್ಲಿ ಫಲಿಸಿತು. ಆ ಭಾಷೆಗೆ ಫೋರ್‌ಟ್ರಾನ್ ಎಂದು ಹೆಸರಾಯಿತು. ‘ಸೂತ್ರಾನುವಾದ’ ಎಂಬ ಅರ್ಥದ ಇಂಗ್ಲಿಷ್ ಮಾತುಗಳಿಂದ ಕೂಡಿಸಿಕೊಂಡ ಹೆಸರು ಅದು. ಯಂತ್ರ ಮಾಡುವ ಅನುವಾದವು ನುರಿತ ಮನುಷ್ಯ ಬರೆದ ಆಜ್ಞೆಗಳಷ್ಟು ಚುರುಕಾಗಿರಲಾರದು ಎಂದು ಸಂಶಯಪಟ್ಟವರು ಅನೇಕರಿದ್ದರು. ಫೋರ್‌ಟ್ರಾನ್ ಆ ಸಂಶಯವನ್ನು ಬಹುಮಟ್ಟಿಗೆ ನಿವಾರಿಸಿತು.

ಒಂದು ಒಳ್ಳೆಯ ಭಾಷೆ ದೊರೆತ ಮೇಲೆ ಅಷ್ಟಕ್ಕೆ ತೃಪ್ತಿಪಡಬಹುದಾಗಿತ್ತಲ್ಲವೆ? ಹಾಗಾಗಲಿಲ್ಲ. ಮರುವರ್ಷವೇ, ಎಂದರೆ 1958ರಲ್ಲಿ, ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ ಲಿಸ್ಪ್ ಎಂಬ ಇನ್ನೊಂದು ಭಾಷೆಯ ರಚನೆಗೆ ತೊಡಗಿದರು. 1959ರಲ್ಲಿ ಕೊಬಾಲ್ ಭಾಷೆಯ ಕೆಲಸ ಆರಂಭವಾಯಿತು. ಗ್ರೇಸ್ ಹಾಪರ್ ಎಂಬ ಮಹಿಳೆ ಅದಕ್ಕೂ ಮುನ್ನ ರೂಪಿಸಿದ್ದ ಭಾಷೆಯೊಂದು ಇದಕ್ಕೆ ತಳಹದಿಯನ್ನು ಒದಗಿಸಿತು. ಇದಕ್ಕೆ ಕಾರಣವಿಷ್ಟೆ. ಫೋರ್‌ಟ್ರಾನ್ ವಿಜ್ಞಾನಿಯ ಭಾಷೆ. ಸೂತ್ರಗಳಿಗೆ ಹೇಳಿ ಮಾಡಿಸಿದ್ದು. ಕಚೇರಿಯ ಕಡತ, ಸಂಬಳದ ಪಟ್ಟಿ, ಬ್ಯಾಂಕಿನ ಖಾತೆ ಇವುಗಳನ್ನು ಅದರಲ್ಲಿ ಬರೆಯುವುದು ತ್ರಾಸದ ಕೆಲಸ. ಆ ಬಗೆಯ ಕೆಲಸಕ್ಕೆ, ಲೆಕ್ಕಪತ್ರದವರು ಓದಿದರೂ ತಕ್ಕಮಟ್ಟಿಗೆ ತಿಳಿಯುವಂತೆ, ಸಾಮಾನ್ಯ ಇಂಗ್ಲಿಷ್ ಪದಗಳಿಂದ ಕಟ್ಟಿದ್ದು ಕೊಬಾಲ್. ಮೆಕಾರ್ಥಿಯವರಿಗೆ ಬೇಕಾಗಿದ್ದುದು ಇವೆರಡೂ ಅಲ್ಲ. ಯಂತ್ರದಿಂದ ತರ್ಕ ಮಾಡಿಸಬೇಕೆಂಬುದು ಅವರ ಹಂಬಲ; ಅದಕ್ಕೆ ಸಂಖ್ಯೆಗಳಿಗಿಂತ ಪದಗಳ, ಸಂಕೇತಗಳ ಪಟ್ಟಿಗಳು ಮುಖ್ಯ. ಹೀಗೆ ಆರಂಭದಿಂದಲೂ ಕ್ರಮವಿಧಿಯ ಭಾಷೆಗಳು ಹಲವಾಗಿಯೇ ಬೆಳೆದವು. ಇಂದು ಎಣಿಸಹೊರಟರೆ ಅವು ನೂರನ್ನು ಎಷ್ಟೋ ಮೀರುತ್ತವೆ.

ತಂತ್ರಾಂಶದ ಉದ್ಯೋಗವನ್ನು ಹಿಡಿಯಬೇಕೆಂಬ ಆಸೆಯುಳ್ಳ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ, ‘ಯಾವ ಭಾಷೆಯನ್ನು ಕಲಿತರೆ ಕೆಲಸ ದೊರೆತೀತು?’ ಎಂಬುದು. ಪ್ರಶ್ನೆ ಸಹಜವಾದುದೇ. ಹೊಟ್ಟೆಪಾಡಿನ ಪ್ರಶ್ನೆಯನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಒಂದು ಭಾಷೆಯನ್ನು ಸರಿಯಾಗಿ ಆರಿಸಿಕೊಂಡರೆ ಬಾಳೆಲ್ಲ ಸಾಗೀತು ಎಂಬ ನಂಬಿಕೆ ಆ ಪ್ರಶ್ನೆಯಲ್ಲಿ ಅಡಗಿದೆ. ಆ ನಂಬಿಕೆ ಸರಿಯಲ್ಲ. ಏಕೆಂಬುದನ್ನು ನೋಡೋಣ.

ನಮ್ಮ ಆಡುನುಡಿಯಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ‘ನಾವು ನಾಳೆ ಹಂಪಿಗೆ ಹೋಗುತ್ತೇವೆ’ ಎಂದು ಗೆಳೆಯನೊಬ್ಬ ನಿಮ್ಮೊಡನೆ ಹೇಳಿದನೆನ್ನಿ. ಆ ‘ನಾವು’ ಎಂಬುದರಲ್ಲಿ ನೀವೂ ಸೇರಿದ್ದೀರೋ ಇಲ್ಲವೋ? ವಾಕ್ಯದಿಂದ ತಿಳಿಯುವುದಿಲ್ಲ. ತೆಲುಗಿನವರಿಗೆ ಈ ತೊಡಕಿಲ್ಲ. ಕೇಳುವವನನ್ನೂ ಸೇರಿಸಿಕೊಂಡರೆ ಅವರು ‘ಮನಮು’ ಎನ್ನುತ್ತಾರೆ, ಅವನನ್ನು ಬಿಟ್ಟರೆ ‘ಮೇಮು’ ಎನ್ನುತ್ತಾರೆ. ನಮ್ಮ ಕರಾವಳಿಯ ತುಳುವಿನಲ್ಲಿಯೂ ‘ನಮ’ ಮತ್ತು ‘ಎಂಕುಳು’ ಎಂದು ಇದೇ ಭೇದವಿದೆ. ಕನ್ನಡವೊಂದನ್ನೇ ಬಲ್ಲವನಿಗೆ ತಾನು ಆಡುವ ‘ನಾವು’ ಎಂಬ ಮಾತಿನಲ್ಲಿ ಎರಡು ಅರ್ಥಗಳು ಬೆರೆತಿವೆಯೆಂಬ ಅರಿವೇ ಇರುವುದಿಲ್ಲ. ಇನ್ನೊಂದು ನುಡಿಯನ್ನು ಕಲಿತಾಗ ಆ ನುಡಿಯ ಜೊತೆಗೆ ತನ್ನ ನುಡಿಯ ವಿಷಯವಾಗಿಯೂ ಅವನಿಗೆ ಹೊಸದೊಂದು ತಿಳಿಯುತ್ತದೆ. ಇದರಿಂದ ಕನ್ನಡಕ್ಕೆ ಕುಂದೇನೂ ಇಲ್ಲ. ಒಂದೊಂದು ನುಡಿ ಒಂದೊಂದನ್ನು ಬಿಡಿಸಿ ಹೇಳುತ್ತದೆ, ಮತ್ತೊಂದನ್ನು ಊಹೆಗೆ ಬಿಡುತ್ತದೆ, ಅಷ್ಟೆ.

ಗಣಕದ ಭಾಷೆಗಳಲ್ಲಿಯೂ ಹೀಗೆಯೇ. ಕ್ರಮವಿಧಿಯೊಂದು ನಡೆಯುವಾಗ ಅದಕ್ಕೆ ಯಂತ್ರದ ಸ್ಮರಣಕೋಶದಲ್ಲಿ ಒಂದಿಷ್ಟು ಜಾಗ ಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಆ ಜಾಗವನ್ನು ಹಿಂದಿರುಗಿಸುವವರು ಯಾರು? 1972ರ ಸುಮಾರಿಗೆ ಡೆನಿಸ್ ರಿಚಿಯವರು ರಚಿಸಿದ ‘ಸಿ’ ಭಾಷೆಯಲ್ಲಿ, ತಾನಾಗಿ ಕೇಳಿ ಪಡೆದ ಜಾಗವನ್ನು ಕ್ರಮವಿಧಿ ಬರೆಯುವವನೇ ನೆನಪಿಟ್ಟು ಹಿಂದಿರುಗಿಸಬೇಕು. ಮರೆತರೆ ಜಾಗ ಪೋಲಾಗುತ್ತದೆ, ಎರಡು ಸಲ ಹಿಂದಿರುಗಿಸಿದರೆ ಅನಾಹುತವಾಗುತ್ತದೆ. 1995ರಲ್ಲಿ ಬಂದ ಜಾವಾ ಭಾಷೆಯಲ್ಲಿ ಈ ಕಸಗುಡಿಸುವ ಕೆಲಸವನ್ನು ವ್ಯವಸ್ಥೆಯೇ ಮಾಡಿಕೊಳ್ಳುತ್ತದೆ. 2015ರಲ್ಲಿ ಸ್ಥಿರರೂಪಕ್ಕೆ ಬಂದ ರಸ್ಟ್ ಎಂಬ ಭಾಷೆ ಮೂರನೆಯ ದಾರಿಯನ್ನು ಹಿಡಿಯಿತು: ಪ್ರತಿಯೊಂದು ವಸ್ತುವಿಗೂ ಒಬ್ಬ ಒಡೆಯನಿರಬೇಕು, ಒಡೆತನದ ನಿಯಮ ಮುರಿದರೆ ಅನುವಾದವೇ ಆಗದು. ಜಾವಾವನ್ನು ಮಾತ್ರ ಕಲಿತವನಿಗೆ ಇಂತಹದೊಂದು ಪ್ರಶ್ನೆಯಿದೆ ಎಂಬುದೇ ಹೊಳೆಯದಿರಬಹುದು. ಅವನ ಕ್ರಮವಿಧಿ ಒಂದು ದಿನ ಕಾರಣವಿಲ್ಲದೆ ಕುಂಟತೊಡಗಿದಾಗ ಎಲ್ಲಿ ಹುಡುಕಬೇಕೆಂದು ತಿಳಿಯದೆ ಕೈಚೆಲ್ಲುತ್ತಾನೆ.

ಇನ್ನೂ ಸರಳವಾದ ಒಂದು ಲೆಕ್ಕವನ್ನು ನೋಡಿ. ನಿಮ್ಮ ತರಗತಿಯ ಮೂವರು ಪಡೆದ ಅಂಕಗಳು 40, 35 ಮತ್ತು 50. ಇವುಗಳ ಮೊತ್ತ ಬೇಕು. ‘ಸಿ’ ಭಾಷೆಯವನು ಮೊದಲು ಒಂದು ಬರಿಯ ಪಾತ್ರೆಯನ್ನು ಇಟ್ಟುಕೊಳ್ಳುತ್ತಾನೆ. ಅದರಲ್ಲಿ ಸೊನ್ನೆ. 40 ಹಾಕಿದ, 40 ಆಯಿತು. 35 ಹಾಕಿದ, 75 ಆಯಿತು. 50 ಹಾಕಿದ, 125. ಹೆಜ್ಜೆಯ ಮೇಲೆ ಹೆಜ್ಜೆ. ಲಿಸ್ಪ್ ಕಲಿತವನಾದರೋ ಹೀಗೆನ್ನಬಹುದು: ‘ಪಟ್ಟಿ ಬರಿದಾಗಿದ್ದರೆ ಮೊತ್ತ ಸೊನ್ನೆ, ಇಲ್ಲವಾದರೆ ಮೊದಲನೆಯ ಅಂಕಕ್ಕೆ ಉಳಿದ ಪಟ್ಟಿಯ ಮೊತ್ತವನ್ನು ಸೇರಿಸು.’ ಇಲ್ಲಿ ಪಾತ್ರೆಯಿಲ್ಲ, ಹೆಜ್ಜೆಗಳಿಲ್ಲ. ಮೊತ್ತವೆಂದರೆ ಏನು ಎಂಬ ವ್ಯಾಖ್ಯೆಯೇ ಕ್ರಮವಿಧಿಯಾಗಿದೆ. ದತ್ತಾಂಶಗಳ ಭಂಡಾರದಿಂದ ಬೇಕಾದುದನ್ನು ಕೇಳಿ ಪಡೆಯಲು 1970ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿ ರೂಪುಗೊಂಡ ಎಸ್.ಕ್ಯೂ.ಎಲ್. ಎಂಬ ಭಾಷೆಯವನು ಇಷ್ಟನ್ನೂ ಹೇಳುವುದಿಲ್ಲ. ‘ಒಂಬತ್ತನೆಯ ತರಗತಿಯವರ ಅಂಕಗಳ ಮೊತ್ತ ಬೇಕು’ ಎನ್ನುತ್ತಾನೆ. ಹೇಗೆ ಎಂಬುದು ಅವನ ಚಿಂತೆಯಲ್ಲ. ಮೂವರಿಗೂ ಬಂದ ಉತ್ತರ 125. ಆದರೆ ಮೂವರೂ ಯೋಚಿಸಿದ ಬಗೆ ಬೇರೆ ಬೇರೆ. ಮೂರನ್ನೂ ಬಲ್ಲವನಿಗೆ ಹೊಸ ಸಮಸ್ಯೆ ಎದುರಾದಾಗ ಹೊರಡಲು ಮೂರು ದಾರಿಗಳಿರುತ್ತವೆ.

ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಫಲ ಕೊಟ್ಟ ನಿದರ್ಶನಗಳು ಈ ಶಾಸ್ತ್ರದ ಚರಿತ್ರೆಯಲ್ಲಿ ಬಹಳ. ಅವುಗಳಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಅವರದು ಸೊಗಸಾದುದು. ಡೆನ್ಮಾರ್ಕಿನವರಾದ ಇವರು 1970ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದರು. ಅದಕ್ಕಾಗಿ ಒಂದು ದೊಡ್ಡ ಕ್ರಮವಿಧಿಯನ್ನು ಸಿಮುಲಾ ಎಂಬ ಭಾಷೆಯಲ್ಲಿ ಬರೆದರು. ನಾರ್ವೆಯಲ್ಲಿ ಹುಟ್ಟಿದ ಆ ಭಾಷೆಯಲ್ಲಿ ಒಂದಕ್ಕೊಂದು ಸಂಬಂಧಪಟ್ಟ ವಿವರಗಳನ್ನೂ ಕ್ರಿಯೆಗಳನ್ನೂ ಒಂದೊಂದು ‘ವರ್ಗ’ವಾಗಿ ಕಟ್ಟಿಡಬಹುದು, ಕ್ರಮವಿಧಿ ಎಷ್ಟೇ ಬೆಳೆದರೂ ಮನಸ್ಸಿನ ಹಿಡಿತಕ್ಕೆ ಸಿಗುತ್ತದೆ. ಬರೆಯುವಾಗ ಬಹಳ ಹಿತವಾಗಿತ್ತು. ನಡೆಸಿದಾಗ ಮಾತ್ರ ಅದು ಆಮೆಯ ನಡಿಗೆ. ಬೇರೆ ದಾರಿಯಿಲ್ಲದೆ ಅದನ್ನೇ ಬಿ.ಸಿ.ಪಿ.ಎಲ್. ಎಂಬ, ಯಂತ್ರಕ್ಕೆ ಹತ್ತಿರವಾದ ಭಾಷೆಯಲ್ಲಿ ಹೊಸದಾಗಿ ಬರೆಯಬೇಕಾಯಿತು. ಈಗ ಓಟವೇನೋ ಬಂತು. ಆದರೆ ಬರೆಯುವ ಶ್ರಮ ಹೇಳತೀರದು. ಒಂದರಲ್ಲಿ ಅಂದ, ಇನ್ನೊಂದರಲ್ಲಿ ವೇಗ. 1979ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯನ್ನು ಸೇರಿದಾಗ ಈ ಎರಡು ಅನುಭವಗಳೂ ಅವರ ಬೆನ್ನಿಗಿದ್ದವು. ಅಲ್ಲಿ ಬಳಕೆಯಲ್ಲಿದ್ದ ವೇಗದ ‘ಸಿ’ ಭಾಷೆಗೆ ಸಿಮುಲಾದ ‘ವರ್ಗ’ಗಳನ್ನು ಕಸಿಮಾಡತೊಡಗಿದರು. ಅದೇ ಬೆಳೆದು 1983ರಲ್ಲಿ ‘ಸಿ ಪ್ಲಸ್ ಪ್ಲಸ್’ ಎಂಬ ಹೆಸರನ್ನು ಪಡೆಯಿತು. ಇಂದಿಗೂ ಆಟಗಳ ತಂತ್ರಾಂಶದಿಂದ ಹಿಡಿದು ಅಂತರ್ಜಾಲದ ಪುಟಗಳನ್ನು ತೋರಿಸುವ ತಂತ್ರಾಂಶಗಳವರೆಗೆ ಎಲ್ಲೆಲ್ಲೂ ಅದು ಬಳಕೆಯಲ್ಲಿದೆ. ಸಿಮುಲಾವನ್ನು ಮಾತ್ರ ಬಲ್ಲವನಿಗಾಗಲಿ, ‘ಸಿ’ಯನ್ನು ಮಾತ್ರ ಬಲ್ಲವನಿಗಾಗಲಿ ಇದು ಹೊಳೆಯುವುದು ಕಷ್ಟವಾಗಿತ್ತು.

2004ರಲ್ಲಿ ಗೂಗಲ್ ಸಂಸ್ಥೆಯ ಇಬ್ಬರು ತಂತ್ರಜ್ಞರು ಸಾವಿರಾರು ಯಂತ್ರಗಳಿಗೆ ಒಂದೇ ದೊಡ್ಡ ಕೆಲಸವನ್ನು ಹಂಚಿಕೊಡುವ ವಿಧಾನವೊಂದನ್ನು ಪ್ರಕಟಿಸಿದರು. ಪ್ರತಿಯೊಂದು ಅಂಶಕ್ಕೂ ಒಂದೇ ಕ್ರಿಯೆಯನ್ನು ಅನ್ವಯಿಸುವುದು, ಬಂದ ಫಲಗಳನ್ನು ಒಂದಾಗಿ ಕೂಡಿಸುವುದು, ಇಷ್ಟೇ ಅದರ ತಿರುಳು. ಇದಕ್ಕೆ ಸ್ಫೂರ್ತಿ ಲಿಸ್ಪ್ ಮೊದಲಾದ ಭಾಷೆಗಳದೆಂದು ಅವರೇ ಬರೆದಿದ್ದಾರೆ. ಸುಮಾರು ಅರ್ಧ ಶತಮಾನದಷ್ಟು ಹಳೆಯ ಭಾಷೆ!

ಇನ್ನು ಜೀವನೋಪಾಯದ ಮಾತು. 1990ರ ದಶಕದ ಕೊನೆಯಲ್ಲಿ ಜಗತ್ತಿನ ಕಚೇರಿಗಳನ್ನೆಲ್ಲ ಒಂದು ಭಯ ಕಾಡಿತು. ಹಳೆಯ ಕೊಬಾಲ್ ಕ್ರಮವಿಧಿಗಳಲ್ಲಿ ಇಸವಿಯನ್ನು ಕೊನೆಯ ಎರಡು ಅಂಕಿಗಳಲ್ಲಿ ಮಾತ್ರ ಬರೆಯುವ ರೂಢಿಯಿತ್ತು. 2000ನೆಯ ಇಸವಿ ಬಂದಾಗ ಯಂತ್ರವು 00 ಎಂಬುದನ್ನು 1900 ಎಂದು ತಿಳಿದರೆ ಬಡ್ಡಿ, ಪಿಂಚಣಿ, ವಿಮೆಯ ಲೆಕ್ಕಗಳ ಗತಿಯೇನು? ಇವುಗಳನ್ನು ತಿದ್ದುವ ಕೆಲಸದಲ್ಲಿ ದೊಡ್ಡದೊಂದು ಪಾಲು ಬೆಂಗಳೂರೂ ಸೇರಿದಂತೆ ಭಾರತದ ಸಂಸ್ಥೆಗಳಿಗೆ ದೊರೆಯಿತು. ಕೊಬಾಲ್ ಬಲ್ಲವರಿಗೆ ಅದು ಸುಗ್ಗಿಯ ಕಾಲ. ಆದರೆ ಹೊಸ ವರ್ಷ ಬಂದೊಡನೆ ಆ ಕೆಲಸ ಬಹುಮಟ್ಟಿಗೆ ಮುಗಿಯಿತು. ಬೇಡಿಕೆ ಜಾವಾದ ಕಡೆಗೆ, ಅಂತರ್ಜಾಲದ ಕಡೆಗೆ ಹರಿಯಿತು. ದಾಟಿಹೋಗಲು ಸಿದ್ಧರಿದ್ದವರು ದಾಟಿದರು. ಕೊಬಾಲ್ ಸತ್ತಿತೆಂದುಕೊಂಡರೆ ಅದೂ ನಿಜವಾಗಲಿಲ್ಲ. 2020ರ ಏಪ್ರಿಲ್‌ನಲ್ಲಿ, ಕೊರೋನಾ ಪಿಡುಗಿನ ಕಾಲದಲ್ಲಿ, ನಿರುದ್ಯೋಗ ಭತ್ಯೆಗೆ ಅರ್ಜಿಗಳು ಪ್ರವಾಹದಂತೆ ಬಂದು ಹಳೆಯ ಯಂತ್ರಗಳು ತತ್ತರಿಸಿದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರರು ಕೊಬಾಲ್ ಬಲ್ಲವರು ನೆರವಿಗೆ ಬರಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ಯಾವ ಭಾಷೆಗೆ ಯಾವಾಗ ಬೆಲೆ ಬಂದೀತೆಂದು ಭವಿಷ್ಯ ನುಡಿಯುವವರ ಮಾತನ್ನು ನಂಬಿ ಬಾಳನ್ನು ಕಟ್ಟಿಕೊಳ್ಳಲಾಗದು.

ಎರಡನೆಯ ಭಾಷೆ ಮೊದಲನೆಯದಕ್ಕಿಂತ ಬೇಗ ಬರುತ್ತದೆ ಎಂಬುದು ಸಮಾಧಾನದ ಸಂಗತಿ. ಆವರ್ತನೆಯೆಂದರೇನು, ಷರತ್ತೆಂದರೇನು, ಪಟ್ಟಿಯೆಂದರೇನು ಎಂಬುದನ್ನು ಮತ್ತೆ ಕಲಿಯಬೇಕಾಗಿಲ್ಲ. ಅವುಗಳನ್ನು ಹೇಳುವ ರೀತಿಯನ್ನು ಕಲಿತರೆ ಸಾಕು. 2017ರಲ್ಲಿ ಗೂಗಲ್ ಸಂಸ್ಥೆ ಆಂಡ್ರಾಯ್ಡ್ ಫೋನುಗಳ ತಂತ್ರಾಂಶಕ್ಕೆ ಕಾಟ್ಲಿನ್ ಎಂಬ ಭಾಷೆಯನ್ನು ಅಂಗೀಕರಿಸಿದಾಗ ಜಾವಾ ಬಲ್ಲವರಿಗೆ ಅದರಲ್ಲಿ ಪರಿಚಿತವಾದುದು ಬಹಳಷ್ಟಿತ್ತು.

ಆದರೆ ಈ ಪರಿಚಯವೇ ಕೆಲವೊಮ್ಮೆ ಮೋಸಮಾಡುವುದುಂಟು. ಕನ್ನಡದಲ್ಲಿ ‘ಶಿಕ್ಷೆ’ ಎಂದರೆ ದಂಡನೆ. ನೀವು ಓದುವ ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯೆ. (ಎರಡೂ ಒಂದೇ ಎನ್ನುವ ವಿದ್ಯಾರ್ಥಿಗಳೂ ಇದ್ದಾರು!) ಹಾಗೆಯೇ 7ನ್ನು 2ರಿಂದ ಭಾಗಿಸು ಎಂದು ಒಂದೇ ಚಿಹ್ನೆಯಿಂದ ಬರೆದರೂ, ‘ಸಿ’ ಭಾಷೆ ಪೂರ್ಣಾಂಕಗಳೆಂದು ತಿಳಿದು 3 ಎನ್ನುತ್ತದೆ, ಇಂದಿನ ಪೈಥಾನ್ 3.5 ಎನ್ನುತ್ತದೆ. ಎರಡನ್ನೂ ಅರೆಬರೆಯಾಗಿ ಕಲಿತವನು ಇಂತಹ ಕಡೆ ಎಡವುತ್ತಾನೆ. ಹತ್ತು ಭಾಷೆಗಳಲ್ಲಿ ‘ನಮಸ್ಕಾರ’ ಹೇಳಬಲ್ಲವನನ್ನು ನಾವು ಬಹುಭಾಷಾ ವಿದ್ವಾಂಸನೆನ್ನುವುದಿಲ್ಲ. ಅರ್ಜಿಯ ಹಾಳೆಯಲ್ಲಿ ಭಾಷೆಗಳ ಹೆಸರನ್ನು ಸಾಲಾಗಿ ತುಂಬುವುದರಿಂದ ಪ್ರಯೋಜನವಿಲ್ಲ. ಒಂದರಲ್ಲಿ ಆಳವಾಗಿ ಇಳಿದು, ದೊಡ್ಡದೊಂದು ಕೆಲಸವನ್ನು ಕೊನೆಮುಟ್ಟಿಸಿ, ಅನಂತರ ಅದಕ್ಕಿಂತ ಆದಷ್ಟು ಭಿನ್ನವಾದ ಇನ್ನೊಂದನ್ನು ಹಿಡಿಯುವುದೇ ಮೇಲು. ಈಚೆಗೆ ಕ್ರಮವಿಧಿಗಳನ್ನು ತಾವೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆ. ಯಾವ ಭಾಷೆಯಲ್ಲಿ ಕೇಳಿದರೆ ಆ ಭಾಷೆಯಲ್ಲಿ ಬರೆಯುತ್ತವೆ. ಅವು ಬರೆದದ್ದು ಸರಿಯೋ ತಪ್ಪೋ ಎಂದು ಓದಿ ಹೇಳುವವರು ಬೇಡವೆ?

ಮೊದಲಿಗೆ ಹೇಳಿದ ಜಾನ್ ಬ್ಯಾಕಸ್ ಅವರ ಕಥೆ ಫೋರ್‌ಟ್ರಾನ್‌ಗೆ ಮುಗಿಯುವುದಿಲ್ಲ. ಆ ಭಾಷೆಯಂತಹ ಸಾಧನೆಗಳಿಗಾಗಿ 1977ರಲ್ಲಿ ಅವರಿಗೆ ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಪ್ರಶಸ್ತಿ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಅವರು ತಮ್ಮ ಕೃತಿಯನ್ನು ಹೊಗಳಿಕೊಳ್ಳಲಿಲ್ಲ. ಹೆಜ್ಜೆಹೆಜ್ಜೆಯಾಗಿ ಆಜ್ಞೆ ಕೊಡುವ ಫೋರ್‌ಟ್ರಾನ್ ಮಾದರಿಯ ಭಾಷೆಗಳು ನಮ್ಮ ಯೋಚನೆಯನ್ನೇ ಇಕ್ಕಟ್ಟಿನ ದಾರಿಗೆ ತಂದುಬಿಟ್ಟಿವೆಯೆಂದು ವಾದಿಸಿ, ಗಣಿತದ ಫಲನಗಳನ್ನು ಆಧಾರವಾಗಿಟ್ಟುಕೊಂಡ ಬೇರೊಂದು ಬಗೆಯ ಭಾಷೆಯನ್ನು ಸಭೆಯ ಮುಂದಿಟ್ಟರು. ಆಗ ಅವರಿಗೆ 52 ವರ್ಷ. 1991ರಲ್ಲಿ ನಿವೃತ್ತರಾಗುವವರೆಗೂ ಅವರು ಆ ಹೊಸ ಬಗೆಯ ಭಾಷೆಗಳ ಬೆನ್ನುಹತ್ತಿ ಕೆಲಸಮಾಡಿದರು.